ಹಾಡಿನ ಪಕ್ಕ ಕೂರಬಲ್ಲ ಹಿತ್ತಾಳೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮದುವೆಮನೆಯಲ್ಲಿ ಒಂದೇ ಹೊತ್ತಿಗೆ ಎರಡು ಸಂಗೀತ ನಡೆಯುತ್ತದೆ. ಒಳಗೆ ಹಸೆಯ ಹತ್ತಿರ ಕೂತ ಹೆಂಗಸರು ಒಂದೊಂದು ಶಾಸ್ತ್ರಕ್ಕೆ ಒಂದೊಂದು ಹಾಡು ಹೇಳುತ್ತಾರೆ. ಎಣ್ಣೆ ಹಚ್ಚುವುದಕ್ಕೆ ಒಂದು, ಆರತಿ ಎತ್ತುವುದಕ್ಕೆ ಇನ್ನೊಂದು. ಅವರ ಹತ್ತಿರ ವಾದ್ಯವೆಂಬುದೇ ಇಲ್ಲ. ಮೊದಲು ಎತ್ತಿಕೊಂಡವರದ್ದೇ ಶ್ರುತಿ. ಹೊರಗೆ ಚಪ್ಪರದ ಅಂಚಿನಲ್ಲಿ ಪಂಚವಾದ್ಯದವರು ಮೌರಿ ಊದುತ್ತಾರೆ, ಡೋಲು ಬಾರಿಸುತ್ತಾರೆ. ದಿಬ್ಬಣ ಬಂತೆಂದು ಕೇರಿಗೆ ಸಾರುವುದು, ಧಾರೆಯ ಹೊತ್ತಿಗೆ ಗಟ್ಟಿಮೇಳ ಎಂದೊಡನೆ ಏರುವುದು ಅವರ ಕೆಲಸ. ಆ ಏರಿನಲ್ಲಿ ಒಳಗಿನ ಹಾಡು ಪೂರ್ತಿ ಮುಳುಗಿಹೋದರೂ ಯಾರಿಗೂ ಅಪಚಾರವೆನಿಸುವುದಿಲ್ಲ. ಮಂಗಳಕ್ಕೆ ಎರಡೂ ಬೇಕು. ಆದರೆ ಒಂದರ ಶ್ರುತಿಗೆ ಇನ್ನೊಂದು ಕೂಡಬೇಕೆಂಬ ಯೋಚನೆ ಯಾರ ತಲೆಗೂ ಬಂದಂತಿಲ್ಲ. ದೇವಸ್ಥಾನದಲ್ಲೂ ಇದೇ ಏರ್ಪಾಡು. ಪಲ್ಲಕ್ಕಿ ಹೊರಟಾಗ ಕೊಂಬು, ಕಹಳೆ. ಮಂಗಳಾರತಿಗೆ ಶಂಖ, ಜಾಗಟೆ, ನಗಾರಿ. ಭಜನೆಗೆ ಕೂತಾಗ ಕೊಂಬು ಕಂಬಕ್ಕೆ ಒರಗಿರುತ್ತದೆ.

ಯುರೋಪಿನ ಇಗರ್ಜಿಗಳಲ್ಲಿ ಮುನ್ನೂರು ವರ್ಷಗಳಷ್ಟು ಕಾಲ ಇದಕ್ಕೆ ವ್ಯತಿರಿಕ್ತವಾದುದೊಂದು ನಡೆಯಿತು. ಹಿತ್ತಾಳೆಯ ಊದುವ ವಾದ್ಯವೊಂದು ಬೀದಿಯ ಮೆರವಣಿಗೆಯಿಂದ ಒಳಗೆ ಬಂದು, ಹಾಡುವವರ ಪಕ್ಕದಲ್ಲಿ ನಿಂತು, ಅವರು ಹಾಡಿದ ಸ್ವರವನ್ನೇ ಅವರ ಜೊತೆಗೆ ನುಡಿಸಿತು. ಅದು ಟ್ರೊಂಬೋನ್. ನಮ್ಮವರು ಅದನ್ನು ನೋಡಿರುವುದು ಮೈಸೂರು ದಸರೆಯ ಪೊಲೀಸ್ ಬ್ಯಾಂಡಿನಲ್ಲಿ: ಉದ್ದದ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಜಾರಿಸುತ್ತ ಊದುವ ವಾದ್ಯ, ನೋಡಲು ಸ್ವಲ್ಪ ತಮಾಷೆಯೂ ಹೌದು. ಇಂಥದ್ದು ಗರ್ಭಗುಡಿಯ ಸಂಗೀತಕ್ಕೆ ಹೇಗೆ ಸಂದಿತು ಎಂದು ಕೇಳಿದರೆ ಅದರ ಗಾಂಭೀರ್ಯ, ಅದರ ದೈವಿಕ ನಾದ ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ನನಗೆ ಅದು ಹಿಂದುಮುಂದಾದ ಉತ್ತರ ಅನ್ನಿಸುತ್ತದೆ. ಟ್ರೊಂಬೋನ್ ಪವಿತ್ರವಾಗಿತ್ತು ಎಂದು ಒಳಗೆ ಬಂದದ್ದಲ್ಲ. ಮನುಷ್ಯನ ಕಂಠದ ಜೊತೆ ನಡೆಯಲು ಅದಕ್ಕೆ ಆಗುತ್ತಿತ್ತು, ಹಾಗಾಗಿ ಬಂತು. ಪಾವಿತ್ರ್ಯ ಆಮೇಲೆ ಬಳಕೆಯಿಂದ ಅಂಟಿಕೊಂಡಿತು. ಭಕ್ತಿಸಂಗೀತಕ್ಕೆ ಯಾವ ವಾದ್ಯ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬ ಜಗಳ ನಮ್ಮಲ್ಲೂ ಇರುವುದರಿಂದ ಈ ವ್ಯತ್ಯಾಸ ನಮಗೂ ಬೇಕಾದ್ದು.

ಮೊದಲು ಕೊಂಬಿನ ಕಷ್ಟವನ್ನು ನೋಡಬೇಕು. ತೂತಿಲ್ಲದ, ಬಾಗಿದ ಅಥವಾ ನೇರವಾದ ಲೋಹದ ಕೊಳವೆಯನ್ನು ತುಟಿಯ ಅದುರಿನಿಂದ ಊದಿದರೆ ಅದು ತನಗೆ ಬೇಕಾದ ಸ್ವರಗಳನ್ನು ಮಾತ್ರ ಕೊಡುತ್ತದೆ. ಷಡ್ಜ, ಅದರ ಮೇಲಿನ ಷಡ್ಜ, ಆಮೇಲೆ ಪಂಚಮ, ಮತ್ತೆ ಷಡ್ಜ, ಅದರಾಚೆ ಗಾಂಧಾರ, ಪಂಚಮ. ಕೆಳಗೆ ಸ್ವರಗಳ ನಡುವೆ ದೊಡ್ಡ ದೊಡ್ಡ ಕಂದರ. ತೀರಾ ಮೇಲೆ ಹೋದಾಗ ಮಾತ್ರ ಸ್ವರಗಳು ಹತ್ತಿರ ಹತ್ತಿರ ಬರುತ್ತವೆ, ಅಷ್ಟು ಮೇಲೆ ಊದಿ ನಿಲ್ಲಿಸುವ ಎದೆ ಎಲ್ಲರದ್ದಲ್ಲ. ರಿಷಭವನ್ನೋ ಮಧ್ಯಮವನ್ನೋ ಕೊಂಬಿನ ನಡುಸ್ಥಾಯಿಯಲ್ಲಿ ಕೇಳಿದರೆ ಅದು ಕೊಡಲಾರದು. ಯುರೋಪಿನ ಹಳೆಯ ತುತ್ತೂರಿ, ಬೇಟೆಯ ಕೊಂಬುಗಳ ಹಣೆಬರಹವೂ ಇದೇ ಆಗಿತ್ತು. ಗುಂಡಿಯೊತ್ತಿ ಗಾಳಿಯ ದಾರಿ ಬದಲಿಸುವ ವಾಲ್ವುಗಳು ಬಂದದ್ದು 1810ರ ದಶಕದಲ್ಲಿ. ಅಲ್ಲಿಯವರೆಗೆ ಹಿತ್ತಾಳೆ ವಾದ್ಯಗಳ ಪೈಕಿ ಎಲ್ಲ ಸ್ವರಗಳನ್ನೂ ಸಲೀಸಾಗಿ ನುಡಿಸಬಲ್ಲದ್ದು ಟ್ರೊಂಬೋನ್ ಎಂದರೆ ತಪ್ಪಿಲ್ಲ. ಜಾರುಕೊಳವೆಗೆ ಏಳು ನಿಲುಗಡೆ. ಒಂದೊಂದು ನಿಲುಗಡೆಗೆ ಕೊಳವೆ ಉದ್ದವಾಗಿ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು, ಆ ನಿಲುಗಡೆಗಳಲ್ಲಿ ಗೂಟ ಹೊಡೆದಿಲ್ಲ. ಪಕ್ಕದಲ್ಲಿ ಹಾಡುವವನ ಗಾಂಧಾರ ಕೂದಲೆಳೆಯಷ್ಟು ತಗ್ಗಿದ್ದರೆ ವಾದಕ ಕೈಯನ್ನು ಕೂದಲೆಳೆಯಷ್ಟು ಜಾರಿಸಿ ಅವನನ್ನು ಕೂಡಿಕೊಳ್ಳುತ್ತಾನೆ. ಪಿಟೀಲಿನವನು ಬೆರಳಿನಿಂದ ಮಾಡುವುದನ್ನು ಇವನು ತೋಳಿನಿಂದ ಮಾಡುತ್ತಾನೆ. ಹೆಣ್ಣುದನಿಗೆ ಸಮೀಪದ ಮೇಲಿನ ಅಳತೆ, ಗಂಡಿನ ನಡುದನಿಯ ಅಳತೆ, ಮಂದ್ರದ ಅಳತೆ ಎಂದು ಮೂರು ಗಾತ್ರದ ಟ್ರೊಂಬೋನ್‌ಗಳೂ ಇದ್ದವು. ಹಳೆಯವುಗಳ ಬಾಯಿ ಇಂದಿನಷ್ಟು ಅಗಲವಾಗಿರಲಿಲ್ಲ, ಆದ್ದರಿಂದ ಮೆಲ್ಲಗೆ ಊದಿದರೆ ನಿಜಕ್ಕೂ ಮೆಲ್ಲಗೇ ಕೇಳುತ್ತಿತ್ತು.

ಈ ಗುಣಗಳನ್ನು ಇಟ್ಟುಕೊಂಡು ಇತಿಹಾಸ ಓದಿದರೆ ಹೆಜ್ಜೆಗಳು ತಾವಾಗಿ ಕೂಡುತ್ತವೆ. ವೆನಿಸ್ಸಿನ ಸಂತ ಮಾರ್ಕನ ಇಗರ್ಜಿ 1568ರಲ್ಲಿ ಸಂಬಳದ ವಾದಕರ ಮೇಳವನ್ನು ಇಟ್ಟುಕೊಂಡಿತು. ಅಲ್ಲಿನ ಜೊವಾನ್ನಿ ಗಾಬ್ರಿಯೇಲಿ 1597ರಲ್ಲಿ ಅಚ್ಚು ಹಾಕಿಸಿದ ಸಂಪುಟದಲ್ಲಿ ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಎಂದು ಗುರುತು ಹಾಕಿದ ಒಂದು ವಾದ್ಯರಚನೆ ಇದೆ. ಅದರ ಎಂಟು ಭಾಗಗಳಲ್ಲಿ ಆರು ಟ್ರೊಂಬೋನಿನವು. ಮೆಲ್ಲಗೆ ಎಂದು ಬರೆಯುವುದಕ್ಕೆ ಅರ್ಥ ಬರುವುದು ಮೆಲ್ಲಗಾಗಬಲ್ಲ ವಾದ್ಯದ ಮುಂದೆ ಮಾತ್ರ. ಗಾಬ್ರಿಯೇಲಿಯ ಜರ್ಮನ್ ಶಿಷ್ಯ ಹೈನ್‌ರಿಖ್ ಶ್ಯೂಟ್ಸ್ 1629ರಲ್ಲಿ ಅದೇ ವೆನಿಸ್ಸಿನಲ್ಲಿ ಒಂದು ಸಂಪುಟ ಪ್ರಕಟಿಸಿದ. ಅದರಲ್ಲಿ, ಬಂಡೆದ್ದ ಮಗ ಅಬ್ಸಲೋಮ್ ಸತ್ತನೆಂದು ಕೇಳಿದ ದಾವೀದ ರಾಜನ ಗೋಳು ಒಂದು ಹಾಡಾಗಿದೆ. ಹಾಡುವುದು ಒಬ್ಬನೇ ಮಂದ್ರದ ಗಾಯಕ, ಅವನ ಸುತ್ತ ನಾಲ್ಕು ಟ್ರೊಂಬೋನ್. ತುತ್ತೂರಿಯೆಂದರೆ ಗೆಲುವು ಎಂದು ತಿಳಿದಿದ್ದ ಕಿವಿಗೆ ಇಲ್ಲಿ ಹಿತ್ತಾಳೆ ಅಳುತ್ತದೆ. ಯುದ್ಧ ಗೆದ್ದ ರಾಜ, ಮಗನನ್ನು ಕಳೆದುಕೊಂಡ ಅಪ್ಪ, ಇಬ್ಬರೂ ಒಬ್ಬನೇ ಆದಾಗ ಗೆಲುವಿನ ಲೋಹವನ್ನೇ ಗೋಳಿಗೆ ಹಚ್ಚಿದ್ದು ಶ್ಯೂಟ್ಸನ ಜಾಣತನ. ಆ ಕೊಳವೆಗಳು ಗಾಯಕನಿಗಿಂತ ಒಂದು ಕೂದಲು ಮೇಲೆ ನಿಂತಿದ್ದರೂ ಇದೆಲ್ಲ ನೀರು ಪಾಲು. ಲೈಪ್‌ಸಿಗ್‌ನಲ್ಲಿ ಬಾಖ್ 1724ರಲ್ಲಿ ರಚಿಸಿದ ಒಂದು ಪಶ್ಚಾತ್ತಾಪದ ಕ್ಯಾಂಟಾಟಾದಲ್ಲಿ ನಾಲ್ಕು ಟ್ರೊಂಬೋನ್‌ಗಳಿಗೆ ಸ್ವಂತದ್ದೇನೂ ಹೇಳಲಿಕ್ಕಿಲ್ಲ. ಗಾಯಕವೃಂದದ ನಾಲ್ಕು ದನಿಗಳನ್ನು ಅವು ನೆರಳಿನಂತೆ ಹಿಂಬಾಲಿಸುತ್ತವೆ. ಸಾಲ್ಸ್‌ಬರ್ಗ್, ವಿಯೆನ್ನಾಗಳ ಇಗರ್ಜಿಗಳಲ್ಲಂತೂ ಇದು ನಿತ್ಯದ ರೂಢಿ. ಹಾಡುವವರ ಕೆಳಗಿನ ಮೂರು ದನಿಗೆ ಮೂರು ಟ್ರೊಂಬೋನ್ ಇರಲೇಬೇಕು, ಎಷ್ಟೋ ಸಲ ಅದನ್ನು ಬೇರೆಯಾಗಿ ಬರೆದು ತೋರಿಸುವ ಅಗತ್ಯವೂ ಇರಲಿಲ್ಲ. 1791ರಲ್ಲಿ ಮೊಜಾರ್ಟ್ ಅರ್ಧಕ್ಕೆ ಬಿಟ್ಟುಹೋದ ರೆಕ್ವಿಯಮ್ ಎಂಬ ಶವಸಂಸ್ಕಾರದ ಪ್ರಾರ್ಥನೆಯಲ್ಲಿ ಕೊನೆಯ ತೀರ್ಪಿನ ಕಹಳೆ ಕೂಗುವ ಜಾಗ ಬರುತ್ತದೆ. ಬೇರೆಯವರಾಗಿದ್ದರೆ ಅಲ್ಲಿ ಆಕಾಶ ಹರಿಯುತ್ತಿದ್ದರು. ಅವನು ಒಂದೇ ಒಂದು ಟ್ರೊಂಬೋನಿಗೆ ಕೆಲವು ಸ್ವರ ನುಡಿಸಲು ಬಿಟ್ಟು, ಅದೇ ಸ್ವರಗಳನ್ನು ಹಿಡಿದು ಮಂದ್ರದ ಗಾಯಕನನ್ನು ಒಳಗೆ ತರುತ್ತಾನೆ. ಆಮೇಲೆ ವಾದ್ಯವೂ ಕಂಠವೂ ಒಟ್ಟಿಗೆ ನಡೆಯುತ್ತವೆ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಶಾಸ್ತ್ರದ ಕಡೆಯಿಂದ ಬರುತ್ತದೆ. ಟ್ರೊಂಬೋನಿಗೆ ಜರ್ಮನ್ ಭಾಷೆಯಲ್ಲಿ ಪೊಸೌನೆ ಎನ್ನುತ್ತಾರೆ. ಲೂಥರ್ ಬೈಬಲ್ಲನ್ನು ಜರ್ಮನ್ನಿಗೆ ತಂದಾಗ ಸತ್ತವರನ್ನು ಎಬ್ಬಿಸುವ ಕೊನೆಯ ಕಹಳೆಗೆ ಈ ಪದವನ್ನೇ ಬಳಸಿದ. ಹಾಗಾದರೆ ದೇವದೂತರ ವಾದ್ಯವೆಂದೇ ಅದು ಒಳಗೆ ಬಂದಿರಬೇಕಲ್ಲ? ಬಂದಿರಬಹುದಾದ ದಾರಿಗಳಲ್ಲಿ ಇದೂ ಒಂದು. ಭಯಭಕ್ತಿಯ ಬಣ್ಣ ಬಳಿದದ್ದು ಈ ಪದವೇ ಎಂದು ನಾನು ಒಪ್ಪುತ್ತೇನೆ. ಆದರೆ ಅದೇ ಸಾಲಿನಲ್ಲಿ ಇಂಗ್ಲಿಷಿನ ದೇವದೂತರ ಕೈಯಲ್ಲಿರುವುದು ಟ್ರಂಪೆಟ್, ಕನ್ನಡದ ದೇವದೂತರ ಕೈಯಲ್ಲಿರುವುದು ತುತೂರಿ. (ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯ ಬಾಯಿಪಾಠ ಇರುವವರಿಗೆ ಈ ತುತೂರಿಯನ್ನು ಪ್ರಳಯದೊಂದಿಗೆ ಜೋಡಿಸುವುದು ಕಷ್ಟ.) ಪದವೇ ಕಾರಣವಾಗಿದ್ದರೆ ಇಂಗ್ಲಿಷ್ ಇಗರ್ಜಿಯಲ್ಲಿ ಟ್ರಂಪೆಟ್ ಗಾಯಕರ ಬೆನ್ನಿಗೆ ನಿಲ್ಲಬೇಕಿತ್ತು. ನಿಂತದ್ದು ಅಲ್ಲಿಯೂ ಟ್ರೊಂಬೋನೇ. ಅದರ ಹಳೆಯ ಹೆಸರು ಸ್ಯಾಕ್‌ಬಟ್. ಕ್ಯಾಥೊಲಿಕ್ ನಾಡಾದ ವೆನಿಸ್ಸಿಗೆ ಲೂಥರನ ಅನುವಾದ ಕಟ್ಟಿಕೊಂಡು ಆಗಬೇಕಾದ್ದೂ ಇರಲಿಲ್ಲ. ಪದದ ಅರ್ಥ ಊರಿಂದೂರಿಗೆ ಬೇರೆಯಾಯಿತು, ವಾದ್ಯದ ಕೆಲಸ ಎಲ್ಲ ಕಡೆ ಒಂದೇ ಇತ್ತು. ಪಾವಿತ್ರ್ಯ ಆಮೇಲೆ ಅಂಟಿಕೊಂಡಿತು ಎಂಬುದಕ್ಕೆ ನಾಟಕಶಾಲೆ ಸಾಕ್ಷಿ: 1787ರ ಡಾನ್ ಜೊವಾನ್ನಿ ಒಪೆರಾದಲ್ಲಿ ಸತ್ತವನ ಕಲ್ಲುಮೂರ್ತಿ ಮಾತಾಡುವಾಗ ಟ್ರೊಂಬೋನ್ ಕೇಳುತ್ತದೆ. ಇನ್ನೂರು ವರ್ಷ ಶವಸಂಸ್ಕಾರದ ಪ್ರಾರ್ಥನೆಯಲ್ಲಿ ಕೇಳಿ ಕೇಳಿ ಪಳಗಿದ ಕಿವಿಗಳಿದ್ದವು. ಅದಕ್ಕೇ ಒಪೆರಾದಲ್ಲಿ ಆ ದನಿಗೆ ಜನ ಬೆಚ್ಚಿದ್ದು.

ಎರಡನೆಯ ಆಕ್ಷೇಪ ನಮ್ಮ ಸೀಮೆಯದೇ, ಇನ್ನೂ ಗಟ್ಟಿಯಾದದ್ದು. ಕಂಠದ ಜೊತೆ ನಡೆಯುವುದೇ ಅಳತೆಗೋಲಾದರೆ ವೇದಘೋಷಕ್ಕೆ ಯಾಕೆ ಯಾವ ವಾದ್ಯವೂ ಇಲ್ಲ? ಸ್ವರ್ಣವಲ್ಲಿಯಲ್ಲೋ ಸೋಂದೆಯಲ್ಲೋ ರುದ್ರ ಹೇಳುವಾಗ ತಂಬೂರಿಯ ಶ್ರುತಿಯೂ ಇರುವುದಿಲ್ಲ. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರೂ ಪೂಜೆಯಲ್ಲಿ ಬರೀ ಕಂಠವನ್ನೇ ಬಳಸುತ್ತ ಬಂದವರು. ರೋಮಿನ ಸಿಸ್ಟೀನ್ ಚಾಪೆಲ್ಲಿನ ಗಾಯಕರೂ ಹಾಗೆಯೇ. ಇಲ್ಲಿ ಕಾಯಬೇಕಾದ ವಸ್ತು ಬೇರೆ ಎಂಬುದು ನನ್ನ ಉತ್ತರ. ವೇದದಲ್ಲಿ ಉದಾತ್ತ, ಅನುದಾತ್ತಗಳು ರಾಗವಲ್ಲ, ಅಕ್ಷರದ ಅಂಗವೇ. ಅದನ್ನು ಕಾಯಲು ಪದ, ಕ್ರಮ, ಘನ ಎಂದು ಕಂಠದೊಳಗೇ ಬೇಲಿ ಹಾಕಿಕೊಂಡಿದ್ದಾರೆ. ಜೊತೆಗಾರ ಬೇಕಾಗುವುದು ಹಾಡು ಕಂಠವನ್ನು ಮೀರಿ ಬೆಳೆದಾಗ. ನಾಲ್ಕು ದನಿ ನಾಲ್ಕು ದಾರಿಯಲ್ಲಿ ನಡೆದು ಕೊನೆಗೆ ಒಂದೇ ಬಾಗಿಲಿಗೆ ಬರಬೇಕಾದ ಸಂಗೀತದಲ್ಲಿ, ಅದೂ ಎಳೆ ಹುಡುಗರು ಹಾಡುವ ಕಡೆ, ಕೈ ಹಿಡಿದು ನಡೆಸುವವರು ಬೇಕು. ನಮ್ಮಲ್ಲಿ ಹಾಡು ಆ ದಿಕ್ಕಿಗೆ ಬೆಳೆಯಲಿಲ್ಲ. ದಾಸರು ತಂಬೂರಿ ಮೀಟಿ ತಾಳ ತಟ್ಟಿದರು. ಅವರಿಗೆ ಬೇಕಾದದ್ದು ನೆಲೆಯೂ ನಡೆಯೂ, ಸರಿದನಿಯಲ್ಲ. ಕೊಂಬು ಹಾಡಿನಿಂದ ದೂರ ಉಳಿದದ್ದರಲ್ಲಿ ಕೊಂಬಿನ ತಪ್ಪು ಅರ್ಧ, ಅದನ್ನು ಬೇಡದ ಹಾಡಿನ ಪಾಲು ಇನ್ನರ್ಧ.

ಯಕ್ಷಗಾನ ಇದನ್ನು ಚೆನ್ನಾಗಿ ತೋರಿಸುತ್ತದೆ. ಚೌಕಿಯ ಗಣಪತಿ ಪೂಜೆಯಿಂದ ಶುರುವಾಗುವ ಆಟವನ್ನು ಆರಾಧನೆಯಲ್ಲ ಎನ್ನಲು ಬಾರದು. ಅಲ್ಲಿ ಭಾಗವತರ ಪದ ಒಂದೇ ದನಿ. ಮಾತಾಡುವುದು ಮದ್ದಲೆ, ಚಂಡೆ. ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ. ಮೂರೂ ಒಂದೇ ಸ್ವರವನ್ನು ಹಿಡಿದು ನಿಲ್ಲುವುದಷ್ಟೇ ಮಾಡಿದವು, ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಬಂದಾಗ ಗಲಾಟೆ ಆಗಲಿಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದರು. ಪ್ರಯೋಗಕ್ಕೆ ಹೆಸರು ಬಂತು, ಮೇಳಗಳು ಅದನ್ನು ಹಿಡಿಯಲಿಲ್ಲ. ಕಾರಂತರು ವಿದೇಶಿ ವಾದ್ಯ ತಂದರು ಎಂಬ ಗೊಣಗು ಆಗ ಇತ್ತು. ನನಗೆ ಅದು ಕಾರಣವೆನಿಸುವುದಿಲ್ಲ, ಹಾರ್ಮೋನಿಯಮ್ಮೂ ಪ್ಯಾರಿಸ್ಸಿನದೇ ತಾನೆ? ಭಾಗವತರು ರಂಗದ ಮೇಲಿನ ಕುಣಿತ ನೋಡಿ ಪದವನ್ನು ಅಲ್ಲೇ ಎಳೆಯುತ್ತಾರೆ, ಅಲ್ಲೇ ಮೊಟಕು ಮಾಡುತ್ತಾರೆ. ನೆಬ್ಬೂರು ನಾರಾಯಣ ಭಾಗವತರಂಥವರು ಒಂದು ಶಬ್ದದ ಮೇಲೆ ನಿಂತು ಅದನ್ನು ಹಿಂಡಿ ಭಾವ ತೆಗೆಯುತ್ತಿದ್ದರೆ ಪಕ್ಕದ ಪಿಟೀಲು ಹಿಂಬಾಲಿಸುವುದು ಯಾವುದನ್ನು? ಆ ಎಡೆಯನ್ನು ಮದ್ದಲೆ ಆಗಲೇ ತುಂಬಿತ್ತು.

ಹಾರ್ಮೋನಿಯಂ ನನ್ನ ವಾದಕ್ಕೆ ಕಾಲಲ್ಲಿ ಸಿಕ್ಕ ಮುಳ್ಳು, ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, ದೊಡ್ಡ ಆರ್ಗನ್ ಕೊಳ್ಳಲಾಗದ ಸಣ್ಣ ಇಗರ್ಜಿಗಳ ಬಡ ಆರ್ಗನ್ ಆಗಿ, ಮಿಶನರಿಗಳ ಜೊತೆ ಹಡಗು ಹತ್ತಿ ಬಂದ ಪೆಟ್ಟಿಗೆ ಅದು. ಅದರ ಸ್ವರಗಳು ಮನೆಗಳ ಹಾಗೆ ಒಂದರಿಂದೊಂದು ಬಿಡಿಬಿಡಿಯಾಗಿ ನಿಂತಿವೆ. ನಡುವೆ ಜಾರುವ ದಾರಿ ಇಲ್ಲ. ಅದೇ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದನ್ನು ಹೊರಗೆ ಹಾಕಿ 1971ರವರೆಗೆ ಬಾಗಿಲು ಹಾಕಿಕೊಂಡಿತ್ತು. ಗಮಕ ತೆಗೆಯಲಾರದ ಈ ಪೆಟ್ಟಿಗೆ ಶಿರಸಿಯ ಭಜನಾ ಮಂಡಳಿಯ ನಡುವೆ ಕೂತಿದೆಯಲ್ಲ, ಕಂಠದ ಜೊತೆ ನಡೆಯುವ ಮಾತು ಎಲ್ಲಿ ಹೋಯಿತು? ಭಜನೆ ಒಬ್ಬನ ಹಾಡಲ್ಲ ಎಂಬಲ್ಲಿ ಉತ್ತರವಿದೆ. ಹದಿನೈದು ಜನ, ಹದಿನೈದು ಶ್ರುತಿ. ಅವರಿಗೆ ಸೂಕ್ಷ್ಮ ಗಮಕಕ್ಕಿಂತ ಮೊದಲು ಒಂದು ಕಟ್ಟು ಬೇಕು. ಪೆಟ್ಟಿಗೆ ಆ ಕಟ್ಟು ಹಾಕುತ್ತದೆ, ಶಬ್ದಗಳನ್ನು ಮುಚ್ಚುವುದಿಲ್ಲ. ಅದನ್ನು ವಿರೋಧಿಸಿದವರ ಮನಸ್ಸಿನಲ್ಲಿದ್ದದ್ದು ಒಬ್ಬರೇ ಕೂತು ಹಾಡುವ ರಾಗದಾರಿ. ಅಲ್ಲಿ ಅವರ ಮಾತಿನಲ್ಲಿ ಹುರುಳಿತ್ತು, ಬೆಳಗಾವಿಯ ರಾಮಭಾವು ವಿಜಾಪುರೆಯವರಂಥ ಕೈಗಳು ಆ ಹುರುಳನ್ನು ಸಾಕಷ್ಟು ತೆಳುಮಾಡಿದರೂ. ಅಂದರೆ ಅಳತೆಗೋಲು ಬದಲಾಗಲಿಲ್ಲ, ಅಳೆಯಬೇಕಾದ ಹಾಡು ಬೇರೆಯಾಯಿತು.

ಟ್ರೊಂಬೋನಿಗೆ ಸರಿಜೋಡಿ ನಮ್ಮಲ್ಲಿ ಯಾವುದೆಂದರೆ ಘಟ್ಟದ ಕೆಳಗೆ, ಮಂಗಳೂರು ಉಡುಪಿಯ ಕಡೆ ನೋಡಬೇಕು. ಬಂಟ್ವಾಳದ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಬೆನ್ನು ಹತ್ತಿದರು. ಮೈ ಹಿತ್ತಾಳೆಯದಾದರೂ ನಾಲಿಗೆ ನಾಗಸ್ವರದ ಹಾಗೆ ಕಡ್ಡಿಯದು. ಗುಂಡಿಗಳು ಕೊಡುವುದು ಹಾರ್ಮೋನಿಯಮ್ಮಿನಂಥದ್ದೇ ಮೆಟ್ಟಿಲುಗಳನ್ನು. ಮೆಟ್ಟಿಲ ನಡುವಿನ ಜಾರನ್ನು ಅವರು ತುಟಿಯಿಂದಲೂ ಉಸಿರಿನಿಂದಲೂ ಕಂಡುಕೊಂಡರು, ವಾದ್ಯವನ್ನೂ ತಿದ್ದಿಕೊಂಡರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತದ್ದು ಕಂಠದ ಪಾಠವೇ, ಅದನ್ನು ಲೋಹಕ್ಕೆ ಇಳಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೆ ಹೋದರು. ಅದಕ್ಕಿಂತ ದೊಡ್ಡದು ನನ್ನ ದೃಷ್ಟಿಯಲ್ಲಿ ಮನೆಯ ಹತ್ತಿರ ನಡೆದದ್ದು: ಕರಾವಳಿಯ ದೇವಸ್ಥಾನಗಳ ಉತ್ಸವಬಲಿಯಲ್ಲಿ ಈಗ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ನಿಂತಿದೆ, ಯಾರೂ ತಿರುಗಿ ನೋಡುವುದಿಲ್ಲ. ಕುಣಿತದ ಬ್ಯಾಂಡಿನ ವಾದ್ಯ ದೇವರ ಮುಂದೆ ಬಂತೇ ಎಂದು ಕೇಳುವವರು ಒಂದು ತಲೆಮಾರಿನಲ್ಲೇ ಇಲ್ಲವಾದರು. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಅದು ಕೀರ್ತನೆಯನ್ನು ಹಾಡುವವರ ಜೊತೆಗೆ ನುಡಿಸುವುದಿಲ್ಲ, ಹಾಡುವವರ ಬದಲಿಗೆ ನುಡಿಸುತ್ತದೆ. ಸಾಹಿತ್ಯ ಕೇಳುವವರ ನೆನಪಿನಲ್ಲಿ ಇರಬೇಕು.

ವಾದ್ಯದ ಗುಣವನ್ನೇ ಹಿಡಿದು ಇಷ್ಟೆಲ್ಲ ಹೇಳಿದ್ದನ್ನು ಒಂದು ಮಾತು ಸರಿಯಾಗಿಯೇ ತಡೆಯುತ್ತದೆ: ಒಳಗೆ ಬಿಡುವುದೂ ಹೊರಗೆ ನಿಲ್ಲಿಸುವುದೂ ವಾದ್ಯವನ್ನಲ್ಲ, ಮನುಷ್ಯನನ್ನು. ಬಾಯಿಗೆ ಹಚ್ಚಿದ್ದು ಎಂಜಲು, ಚರ್ಮ ಹೊದಿಸಿದ್ದು ಮೈಲಿಗೆ ಎಂಬ ಲೆಕ್ಕದಲ್ಲಿ ವಾದ್ಯದವರನ್ನು ನಮ್ಮಲ್ಲಿ ಪೌಳಿಯಾಚೆಗೆ ಇಟ್ಟರು. ನಾದ ಗರ್ಭಗುಡಿಗೆ ಹೋಗಬಹುದು, ನುಡಿಸಿದವನು ಅಂಗಳದಲ್ಲಿರಬೇಕು. ಹಾಗಿದ್ದ ಮೇಲೆ ಮೌರಿ ಮತ್ತು ಹೆಂಗಸರ ಹಾಡು ಕೂಡಲಿಲ್ಲ ಎಂಬುದಕ್ಕೆ ಶ್ರುತಿಯ ಕಾರಣ ಹುಡುಕುವುದು ಗೋಡೆಯನ್ನು ಬಿಟ್ಟು ಸುಣ್ಣವನ್ನು ದೂರಿದ ಹಾಗೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೌರಿ ಗಮಕ ತೆಗೆಯಬಲ್ಲದು, ಅದಕ್ಕೆ ಕೊಂಬಿನ ಕಷ್ಟವಿಲ್ಲ. ಅದು ಹಾಡಿನ ಪಕ್ಕಕ್ಕೆ ಬಾರದ್ದಕ್ಕೆ ಗೋಡೆಯೇ ಕಾರಣ. ಯುರೋಪಿನಲ್ಲಿ ಊದುವವರು ಪುರಸಭೆಯ ಸಂಬಳದವರು, ಗೋಪುರದ ಮೇಲಿಂದ ಗಂಟೆ ಸಾರುತ್ತಿದ್ದವರೇ ಭಾನುವಾರ ಗಾಯಕರ ಅಟ್ಟಕ್ಕೆ ಬಂದು ನಿಲ್ಲುತ್ತಿದ್ದರು. ಟ್ರೊಂಬೋನಿನ ಜೊತೆಗೆ ನುಡಿಯುತ್ತಿದ್ದ ಕಾರ್ನೆಟ್ಟೊ ಎಂಬ ಮರದ ವಾದ್ಯಕ್ಕೆ ಮೈತುಂಬ ಕರಿ ಚರ್ಮವೇ ಸುತ್ತಿರುತ್ತಿತ್ತು. ಆದ್ದರಿಂದ ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ: ಕಂಠದ ಜೊತೆ ನಡೆಯುವ ಶಕ್ತಿ ಇಲ್ಲದೆ ಯಾವ ವಾದ್ಯವೂ ಹಾಡಿನ ಪಕ್ಕ ಉಳಿಯದು, ಶಕ್ತಿ ಇದ್ದೂ ಹೊರಗೇ ಉಳಿದ ವಾದ್ಯವಿದ್ದರೆ ಅಲ್ಲಿ ಸಂಗೀತವಲ್ಲದ ಇನ್ನೇನೋ ಕೆಲಸ ಮಾಡಿದೆ ಎಂದು ಗುಮಾನಿ ಪಡಬೇಕು.

ಪಕ್ಕದಲ್ಲಿರುವ ಶಕ್ತಿ ಹೋದರೆ ಪಕ್ಕದ ಜಾಗವೂ ಹೋಗುತ್ತದೆ. ವಾಲ್ವು ಬಂದ ಮೇಲೆ ಎಲ್ಲ ಹಿತ್ತಾಳೆಗಳಿಗೂ ಎಲ್ಲ ಸ್ವರ ಸಿಕ್ಕಿತು, ಟ್ರೊಂಬೋನ್ ಅಗಲವಾಯಿತು, ದನಿ ದೊಡ್ಡದಾಯಿತು. 1837ರ ರೆಕ್ವಿಯಮ್ಮಿನಲ್ಲಿ ಬೆರ್ಲಿಯೋಜ್ ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ಮೇಳ ನಿಲ್ಲಿಸಿದಾಗ ಅದು ಜೊತೆಗಾರನ ಕೆಲಸವಾಗಿ ಉಳಿಯಲಿಲ್ಲ, ಗುಡುಗಾಯಿತು. 1903ರಲ್ಲಿ ಹತ್ತನೆಯ ಪಿಯಸ್ ಪೋಪ್ ಹೊರಡಿಸಿದ ಆದೇಶ ಇಗರ್ಜಿಯೊಳಗೆ ಬ್ಯಾಂಡ್ ಬೇಡ ಎಂದಿತು. ಆದರೆ ಬಿಷಪ್ಪರ ಒಪ್ಪಿಗೆಯಿದ್ದರೆ ಆಯ್ದ ಕೆಲವು ಊದುವಾದ್ಯಗಳು ಹಿತಮಿತವಾಗಿ ಇರಬಹುದು ಎಂದೂ ಬಿಟ್ಟುಕೊಟ್ಟಿತು. ಲೋಹವನ್ನು ಹೊರಹಾಕಿದ್ದಲ್ಲ, ಅಬ್ಬರವನ್ನು.

ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳಲ್ಲಿ ಈಗ ಮಂಗಳಾರತಿಗೆ ಮೋಟಾರಿನ ಯಂತ್ರವಿದೆ. ಸ್ವಿಚ್ ಹಾಕಿದರೆ ನಗಾರಿಯ ಮೇಲೆ ಕೋಲು, ಜಾಗಟೆಯ ಮೇಲೆ ಸುತ್ತಿಗೆ, ಪಕ್ಕದಲ್ಲಿ ಗಂಟೆ, ಎಲ್ಲವೂ ಒಂದೇ ಲಯದಲ್ಲಿ ಬಡಿಯುತ್ತವೆ. ಅರ್ಚಕರ ಆರತಿ ನಿಧಾನವಾದರೂ ಅದು ನಿಧಾನವಾಗುವುದಿಲ್ಲ. ಸಾರುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ನಮಗೆ ಹೆಚ್ಚು ಸಂಕಟವಾಗಲಿಲ್ಲ, ಏಕೆಂದರೆ ಸಾರುವ ವಾದ್ಯಕ್ಕೆ ಕಿವಿ ಬೇಕಿಲ್ಲ. ಹಾಗೆಂದು ಸಾರುವುದೂ ಹಾಡುವುದೂ ಎಂದೂ ಒಂದಾಗಲಾರವು ಎನ್ನುವಂತಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಎಂಬ ಊರಿನಲ್ಲಿ ಮೊರೇವಿಯನ್ ಕ್ರೈಸ್ತರ ಟ್ರೊಂಬೋನ್ ಮೇಳ 1754ರಿಂದ ಇದೆ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರು ಎತ್ತರದಲ್ಲಿ ನಿಂತು ಸ್ತೋತ್ರದ ಧಾಟಿಗಳನ್ನು ನುಡಿಸುತ್ತಿದ್ದರು. ಮದುವೆಯಾದ ಗಂಡಸಿಗೆ ಒಂದು ಧಾಟಿ, ಮದುವೆಯಾಗದ ಹೆಣ್ಣಿಗೆ ಬೇರೊಂದು, ಮಗುವಿಗೆ ಇನ್ನೊಂದು. ಹೊಲದಲ್ಲಿದ್ದವರಿಗೆ ಸಾಹಿತ್ಯ ಗೊತ್ತು, ಹಾಗಾಗಿ ಹೋದವರು ಎಂಥವರೆಂದೂ ಗೊತ್ತಾಗುತ್ತಿತ್ತು. ಆಸ್ಟ್ರಿಯದ ಲಿಂಟ್ಸ್‌ನಲ್ಲಿಯೂ ಸತ್ತವರ ಸ್ಮರಣೆಯ ದಿನ ಟ್ರೊಂಬೋನ್ ಊದುವ ರೂಢಿಯಿತ್ತು. 1812ರಲ್ಲಿ ಆ ಊರಿಗೆ ಹೋಗಿದ್ದ ಬೇಟೊಫನ್ ಅದಕ್ಕಾಗಿ ನಾಲ್ಕು ಟ್ರೊಂಬೋನ್‌ಗಳಿಗೆ ಮೂರು ಪುಟ್ಟ ತುಣುಕು ಬರೆದುಕೊಟ್ಟ. ಮಾತಿಲ್ಲದವು, ಬರೀ ಊದುವುದಕ್ಕೆ. ಹದಿನೈದು ವರ್ಷದ ಮೇಲೆ, 1827ರ ಮಾರ್ಚ್ 29ರಂದು, ವಿಯೆನ್ನಾದಲ್ಲಿ ಅವನದೇ ಶವಯಾತ್ರೆ ಹೊರಟಾಗ ಇಗ್ನಾಟ್ಸ್ ಸೈಫ್ರೀಡ್ ಎಂಬ ಸಂಗೀತಗಾರ ಆ ತುಣುಕುಗಳ ಸ್ವರಕ್ಕೆ ಲ್ಯಾಟಿನ್ ಪ್ರಾರ್ಥನೆಯ ಶಬ್ದಗಳನ್ನು ಕೂಡಿಸಿದ್ದ. ಬೀದಿಯಲ್ಲಿ ನಡೆಯುತ್ತ ಟ್ರೊಂಬೋನಿನವರು ಒಮ್ಮೆ ಊದುತ್ತಿದ್ದರು, ಅದೇ ಸ್ವರಗಳನ್ನು ಗಂಡಸರು ಒಮ್ಮೆ ಹಾಡುತ್ತಿದ್ದರು.